ಗೌರಮ್ಮನ ಮೂರು ಸೋಮವಾರಗಳು

ಇಂಗ್ಲೆಂಡಿಗೆ ಹೋಗಿಬಂದವರು ಏನೇನು ನೋಡಿದೆವೆಂದು ಹೇಳಲೇಬೇಕು. ಬಸವನಗುಡಿಯ ನಮ್ಮ ವಾಕಿಂಗ್ ಗುಂಪಿನಲ್ಲಿ ಅದು ಕಡ್ಡಾಯ. ನಾನು ಹದಿನೇಳು ದಿನ ಅಲ್ಲಿದ್ದು ಬಂದೆ. ರಾಜನ ಅರಮನೆ ನೋಡಲಿಲ್ಲ, ದೊಡ್ಡ ಗಡಿಯಾರ ನೋಡಲಿಲ್ಲ, ಮೇಣದ ಬೊಂಬೆಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲಿಲ್ಲ. "ಮತ್ತೆ ಏನ್ ನೋಡ್ಕೊಂಡ್ ಬಂದ್ರಿ ಮಿಸ್?" ಎಂದವರಿಗೆ "ಬಡವರ ಮನೆ ನೋಡ್ಕೊಂಡ್ ಬಂದೆ" ಎಂದೆ. ಅದಕ್ಕೆ ವೀಸಾ ಬೇರೆ ಬೇಕಿತ್ತಾ ಎಂದು ಒಬ್ಬರು ನಕ್ಕರು. ಬೇಕಿರಲಿಲ್ಲ. ಬಸವನಗುಡಿಯಿಂದ ಚಾಮರಾಜಪೇಟೆಗೆ ನಡೆದೇ ಹೋಗಬಹುದಿತ್ತು. ನನಗೆ ಬುದ್ಧಿ ಬರಲು ಅಷ್ಟು ದೂರದ ವಿಮಾನ ಹತ್ತಬೇಕಾಯಿತು ಎಂಬುದನ್ನು ಮೊದಲೇ ಒಪ್ಪಿಕೊಂಡು ಬರೆಯುತ್ತಿದ್ದೇನೆ.

ಹೊರಡುವ ಮೊದಲು, ಚಾಮರಾಜಪೇಟೆ

ನನ್ನ ಮುತ್ತಜ್ಜ ಮಾಮೂಲ್‌ಪೇಟೆಯಲ್ಲಿ ಗ್ರಂಧಿಗೆ ಅಂಗಡಿ ಇಟ್ಟಿದ್ದರು. ಅರಿಶಿನ, ಕುಂಕುಮ, ಕರ್ಪೂರ ಮಾರಿ ಗಳಿಸಿದ್ದರಲ್ಲಿ ಒಂದು ಪಾಲು ತೆಗೆದು, ಕುಂಕುಮ ಇಡುವ ಹಾಗಿಲ್ಲದ, ಹೋಗಲು ಜಾಗವೂ ಇಲ್ಲದ ಹೆಂಗಸರಿಗೆಂದು ಚಾಮರಾಜಪೇಟೆಯಲ್ಲಿ ಎಂಟು ಕೋಣೆ ಕಟ್ಟಿಸಿದರು. ಮಧ್ಯೆ ಅಂಗಳ, ಅದರ ನಾಲ್ಕೂ ಕಡೆ ಎರಡೆರಡು ಕೋಣೆ, ಮೂಲೆಯಲ್ಲಿ ಈಗ ಮುಚ್ಚಿರುವ ಒಂದು ಬಾವಿ. ಬಾಗಿಲ ಮೇಲಿನ ಕಲ್ಲಿನಲ್ಲಿ ಉದ್ದನೆಯ ಹೆಸರೊಂದಿದೆ. ಅದನ್ನು ಯಾರೂ ಬಳಸುವುದಿಲ್ಲ. ಬೀದಿಯವರ ಬಾಯಲ್ಲಿ ಅದು ಎಂಟು ಮನೆ.

ಆ ಕಾಲದ ಉಳ್ಳವರಿಗೆ ಇಂಥದ್ದೊಂದು ಕಟ್ಟಿಸುವುದು ಮರ್ಯಾದೆಯ ವಿಷಯವಾಗಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಒಬ್ಬರು ಯಾತ್ರೆಗೆ ಬಂದವರಿಗೆ ಛತ್ರ ಕಟ್ಟಿಸಿದರೆ, ಇನ್ನೊಬ್ಬರು ಓದಲು ಬಂದ ಬಡ ಮಕ್ಕಳಿಗೆ ಊಟದ ಮನೆ ನಡೆಸುತ್ತಿದ್ದರು. ಅವುಗಳಲ್ಲಿ ಹೆಚ್ಚಿನವು ಈಗ ಕಲ್ಯಾಣ ಮಂಟಪಗಳಾಗಿವೆ, ಕೆಲವು ಅಂಗಡಿ ಸಾಲುಗಳಾಗಿವೆ. ಕಟ್ಟಿಸಿದವರ ಹೆಸರಿನ ಕಲ್ಲು ಹುಡುಕಿದರೆ ಎಲ್ಲೋ ಕರೆಂಟ್ ಮೀಟರಿನ ಹಿಂದೆ ಸಿಗುತ್ತದೆ. ನಮ್ಮದು ಉಳಿದದ್ದಕ್ಕೆ ನಮ್ಮ ಒಳ್ಳೆಯತನ ಕಾರಣವಲ್ಲ. ದಾಯಾದಿಗಳು ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ, ಹಾಗಾಗಿ ಮಾರುವ ಮಾತು ಯಾವತ್ತೂ ಮುಂದಕ್ಕೆ ಹೋಗಲಿಲ್ಲ.

ಎಂಟು ಮನೆಗೆ ಬಾಡಿಗೆ ಇಲ್ಲ. ಅದಕ್ಕೆ ಪ್ರತಿಯಾಗಿ ಏನಾದರೂ ಮಾಡಬೇಕೆಂದು ಎಲ್ಲೂ ಬರೆದಿಟ್ಟಿಲ್ಲ. ಆದರೆ ನಮ್ಮ ಮನೆತನದಲ್ಲಿ ಮದುವೆಯಾದರೆ ಹಪ್ಪಳ ಸಂಡಿಗೆಗೆ, ಹೆರಿಗೆಯಾದರೆ ಬಾಣಂತನಕ್ಕೆ ಅಲ್ಲಿಂದ ಯಾರಾದರೊಬ್ಬರು ಬಂದು ವಾರಗಟ್ಟಲೆ ದುಡಿದು, ಕೊನೆಗೊಂದು ಸೀರೆ ತೆಗೆದುಕೊಂಡು ಹೋಗುತ್ತಿದ್ದರು. ಅದನ್ನು ನಾವು ಪದ್ಧತಿ ಎನ್ನುತ್ತಿದ್ದೆವು.

ಅಪ್ಪ ತೀರಿಕೊಂಡ ಮೇಲೆ ಉಸ್ತುವಾರಿ ನನ್ನ ಪಾಲಿಗೆ ಬಂತು. ಅಣ್ಣ ತ್ಯಾಗರಾಜನಗರದಲ್ಲಿದ್ದಾನೆ, ಅವನಿಗೆ ವ್ಯಾಪಾರ ಬಿಟ್ಟು ತಲೆ ಎತ್ತಲು ಪುರುಸೊತ್ತಿಲ್ಲ. ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಮಾಡಿ ನಿವೃತ್ತಳಾಗಿ ಕೂತಿದ್ದೆ. ಹೋಗಿ ನೋಡಿದರೆ ಎರಡು ಕೋಣೆಗಳಿಗೆ ವರ್ಷಗಟ್ಟಲೆ ಬೀಗ. ಅಲ್ಲಿದ್ದವರು ನೆಂಟರ ಮನೆ ಸೇರಿಕೊಂಡು, ಕೋಣೆಯನ್ನು ಮಾತ್ರ ಹಿಡಿದಿಟ್ಟುಕೊಂಡಿದ್ದರು. ನಿಜವಾಗಿ ಬೇಕಾದವರು ಹೊರಗೆ ಕಾಯುತ್ತಿದ್ದರು. ಟೀಚರಿಗೆ ತಿಳಿದಿರುವ ಮದ್ದು ಒಂದೇ. ಉದ್ದನೆಯ ಹಾಜರಿ ಪುಸ್ತಕ ತಂದೆ. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಂಗಳದಲ್ಲಿ ಹೆಸರು ಕರೆಯುವುದು, ಸತತ ಮೂರು ಸೋಮವಾರ ಗೈರುಹಾಜರಾದರೆ ಕೋಣೆ ರದ್ದು. ಮೊದಲ ದಿನ ಮುದುಕಿಯರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಒಬ್ಬರು "ಪ್ರೆಸೆಂಟ್ ಮಿಸ್" ಎಂದು ರಾಗ ಎಳೆದರು. ಗೌರಮ್ಮ ಮಾತ್ರ ಎದ್ದು ನಿಂತು "ಇದೀನಿ ತಾಯಿ" ಎಂದರು.

ಗೌರಮ್ಮ ಐದನೇ ಕೋಣೆಯವರು. ಎಪ್ಪತ್ತರ ಹತ್ತಿರದ ವಯಸ್ಸು. ಗಂಡ ಸತ್ತ ಮೇಲೆ ಕನಕಪುರದ ಕಡೆಯ ಹಳ್ಳಿಯಿಂದ ಬಂದು ಹತ್ತೊಂಬತ್ತು ವರ್ಷ ಅಲ್ಲಿದ್ದರು. ಹಾಜರಿ ಶುರುವಾದ ಮೇಲೆ ಒಂದು ಸೋಮವಾರವೂ ತಪ್ಪಿಸಿದವರಲ್ಲ. ಕಳೆದ ಶ್ರಾವಣದಲ್ಲಿ ಮೂರು ಸೋಮವಾರ ಕಾಣಿಸಲಿಲ್ಲ. ಉಳಿದವರನ್ನು ಕೇಳಿದರೆ "ಆಟೋ ಬಂದಿತ್ತಮ್ಮ, ಹೋದ್ರು" ಎಂದರು. ಅವರ ಬಳಿ ಒಂದು ಸಣ್ಣ ಫೋನಿತ್ತು, ನಂಬರು ನನ್ನಲ್ಲಿತ್ತು. ಮಾಡಬಹುದಿತ್ತು, ಮಾಡಲಿಲ್ಲ. ಬಾಗಿಲಿಗೆ ನೋಟೀಸು ಅಂಟಿಸಿದೆ. ಬೀಗ ಒಡೆಸಿ, ಅವರ ಟ್ರಂಕನ್ನು ಉಗ್ರಾಣಕ್ಕೆ ಹಾಕಿಸಿ, ಎರಡು ವರ್ಷದಿಂದ ಕಾಯುತ್ತಿದ್ದ ಇನ್ನೊಬ್ಬ ಹೆಂಗಸಿಗೆ ಕೋಣೆ ಕೊಟ್ಟೆ.

ಐದನೇ ಸೋಮವಾರ ನಾನು ಹೆಸರು ಕರೆಯುತ್ತಿದ್ದಾಗ ಗೌರಮ್ಮ ಒಳಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಚೀಲ. ತಮ್ಮ ಬಾಗಿಲ ಮುಂದೆ ಬೇರೆ ಯಾರದೋ ಚಪ್ಪಲಿ ನೋಡಿ ನಿಂತುಬಿಟ್ಟರು. "ನಿಯಮ ಎಲ್ಲರಿಗೂ ಒಂದೇ ಗೌರಮ್ಮ" ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಏನೋ ಕೇಳಲು ಬಾಯಿ ತೆರೆದು, ಕೇಳದೆ, "ಸರಿ ತಾಯಿ" ಎಂದಷ್ಟೇ ಹೇಳಿ ಟ್ರಂಕು ಎತ್ತಿಕೊಂಡು ಹೋದರು. ಎಲ್ಲಿಗೆ ಹೋಗ್ತೀರಿ ಎಂದು ನಾನು ಕೇಳಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಆ "ಸರಿ ತಾಯಿ" ನನ್ನ ಕಿವಿಯಿಂದ ಹೋಗಲಿಲ್ಲ. ನಿಯಮದಂತೆ ನಡೆದಿದ್ದೇನೆ, ತಪ್ಪೇನು ಎಂದು ಎಷ್ಟು ಸಲ ಹೇಳಿಕೊಂಡರೂ ಸಮಾಧಾನವಾಗಲಿಲ್ಲ.

ತಗ್ಗು ಬಾಗಿಲುಗಳ ಊರು

ಶಾಂತಿ ನನ್ನ ಚಿಕ್ಕಮ್ಮನ ಮಗಳು. ಮಲ್ಲೇಶ್ವರದಲ್ಲಿ ಬೆಳೆದು, ನರ್ಸ್ ಆಗಿ ಇಂಗ್ಲೆಂಡಿಗೆ ಹೋಗಿ, ಒಂದು ಸಣ್ಣ ಊರಿನಲ್ಲಿ ಕೂದಲು ಬೆಳ್ಳಗಾಗುವವರೆಗೂ ಇದ್ದುಬಿಟ್ಟವಳು. ಮನೆಮನೆಗೆ ಹೋಗಿ ವಯಸ್ಸಾದವರ ಗಾಯಕ್ಕೆ ಪಟ್ಟಿ ಕಟ್ಟುವುದು ಅವಳ ಕೆಲಸ. "ಅಕ್ಕ, ನಮ್ಮೂರಲ್ಲೂ ನಿನ್ ಎಂಟು ಮನೆ ಥರದ್ದೇ ಇದೆ, ಇಲ್ಲಿ ಹನ್ನೆರಡು. ಬಂದು ನೋಡು" ಎಂದು ಫೋನಿನಲ್ಲಿ ಕರೆದಳು. ಅಲ್ಲಿ ಅದಕ್ಕೆ ಆಮ್ಸ್‌ಹೌಸ್ ಎನ್ನುತ್ತಾರೆ, ದಾನದ ಮನೆ. ಶತಮಾನಗಳ ಹಿಂದೆ ಉಣ್ಣೆ ವ್ಯಾಪಾರಿಯೊಬ್ಬ ಕಟ್ಟಿಸಿದ್ದಂತೆ. ನಾನು ಒಪ್ಪಿದೆ. ಅಲ್ಲಿಯೂ ನನ್ನಂಥದ್ದೇ ನಿಯಮ ಇದೆ ಎಂದು ಯಾರಾದರೂ ಹೇಳಲಿ, ನನ್ನ ಮನಸ್ಸು ತಣ್ಣಗಾಗಲಿ ಎಂಬುದೇ ಒಳಗಿನ ಆಸೆಯಾಗಿತ್ತು. ಶಾಂತಿಗೆ ಅದನ್ನು ಹೇಳಲಿಲ್ಲ.

ಶಾಂತಿಯ ಮನೆಯಲ್ಲಿ ಇರುವುದು ಒಂದೇ ಕೋಣೆ. ಹಾಗಾಗಿ ದಾನದ ಮನೆಗಳ ಸಾಲಿನಲ್ಲೇ ನೆಂಟರಿಗೆಂದು ಇರುವ ಕೋಣೆಯಲ್ಲಿ ನನಗೆ ವ್ಯವಸ್ಥೆ ಮಾಡಿದ್ದಳು. ಆ ಬಾಗಿಲುಗಳು ಎಷ್ಟು ತಗ್ಗು ಎಂದರೆ, ಮೊದಲ ದಿನವೇ ನನ್ನ ಹಣೆ ಚೌಕಟ್ಟಿಗೆ ಬಡಿದು ಬುಗುಟೆದ್ದಿತು. ಪಕ್ಕದ ಮನೆಯ ಮಾರ್ಗರೆಟ್ ಎಂಬ ಮುದುಕಿ ಶಬ್ದ ಕೇಳಿ ಬಂದು, ಬಾಗಿಲು ತಟ್ಟಿ, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನಿಂತರು. ಅಲ್ಲಿ ಎಲ್ಲರೂ ಹಾಗೆಯೇ. ನಮ್ಮಲ್ಲಾದರೆ ತಟ್ಟುವ ಮೊದಲೇ ಕಿಟಕಿಯಿಂದ ಇಣುಕಿ ನೋಡಿ ಆಗಿರುತ್ತದೆ. ಮಾರ್ಗರೆಟ್ ಒಂದು ಪೊಟ್ಟಣ ಮಂಜುಗಟ್ಟಿದ ಬಟಾಣಿ ಕೊಟ್ಟು ಹೋದರು. ಹೊಸಬರಿಗೆ ತರಕಾರಿ ಕೊಡುವುದು ಇಲ್ಲಿಯ ಮರ್ಯಾದೆ ಇರಬೇಕೆಂದು ನಾನು ಅದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡಿ, ಅವರಿಗೂ ಒಂದು ಬಟ್ಟಲು ಕೊಟ್ಟೆ. ಸಂಜೆ ಬಂದ ಶಾಂತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದು ಹಣೆಗೆ ಒತ್ತಿಕೊಳ್ಳಲು ಕೊಟ್ಟದ್ದು. ಮಾರ್ಗರೆಟ್ ಪಲ್ಯ ತಿಂದು ಬಟ್ಟಲು ತೊಳೆದು ತಂದುಕೊಟ್ಟಿದ್ದರು, ಒಂದು ಮಾತೂ ಆಡಿರಲಿಲ್ಲ. ಬಟ್ಟಲು ಖಾಲಿಯಿತ್ತು. ನಮ್ಮಲ್ಲಾದರೆ ಕೊನೆಪಕ್ಷ ಒಂದು ಚಮಚ ಸಕ್ಕರೆಯಾದರೂ ಇರುತ್ತಿತ್ತು ಎಂದು ನಾನು ಮನಸ್ಸಿನಲ್ಲೇ ಅಂಕ ಕಳೆದೆ.

ಮುಂದಿನ ದಿನಗಳಲ್ಲಿ ಮಾರ್ಗರೆಟ್ ಬಗ್ಗೆ ಎಲ್ಲವನ್ನೂ ತಿಳಿದುಕೊಂಡೆ. ವಯಸ್ಸೆಷ್ಟು, ಗಂಡ ಯಾವ ಕಾಯಿಲೆಯಿಂದ ಹೋದರು, ಮಕ್ಕಳು ಯಾಕೆ ಆಗಲಿಲ್ಲ. ಅಲ್ಲಿ ಇಂಥವನ್ನು ಕೇಳುವ ಹಾಗಿಲ್ಲವೆಂದು ಶಾಂತಿ ಕಣ್ಣು ಬಿಟ್ಟಳು. ಮಾರ್ಗರೆಟ್ ಮೊದಲು ಬೆಚ್ಚಿದರು, ಆಮೇಲೆ ಬಿಸ್ಕತ್ತಿನ ಡಬ್ಬ ತೆಗೆದು ಕೂತರು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿದವರು. ಗಂಡ ಹೋದ ಮೇಲೆ ಬಾಡಿಗೆ ಮನೆ ಬಿಡಬೇಕಾಗಿ ಬಂದು ಇಲ್ಲಿ ಸೇರಿದವರು. ಇಷ್ಟನ್ನು ತಮ್ಮನ್ನು ಯಾರೂ ಕೇಳಿರಲಿಲ್ಲ ಎಂದರು.

ಮೂರನೆಯ ದಿನ, ಕೆಂಪು ಬಿಲ್ಲೆ

ಪ್ರತಿ ಮನೆಯ ಬಾಗಿಲ ಹೊರಗೆ ಒಂದು ಮರದ ಬಿಲ್ಲೆ ನೇತಾಡುತ್ತದೆ. ಒಂದು ಮಗ್ಗುಲು ಕೆಂಪು, ಇನ್ನೊಂದು ಬಿಳಿ. ಮಲಗುವಾಗ ಕೆಂಪು ಮಾಡು, ಬೆಳಿಗ್ಗೆ ಒಂಬತ್ತರೊಳಗೆ ಬಿಳಿ ಮಾಡು ಎಂದು ಶಾಂತಿ ಕಾರು ಹತ್ತುವ ಅವಸರದಲ್ಲಿ ಹೇಳಿದ್ದಳು. ಹೋಟೆಲಿನ ಬಾಗಿಲಿಗೆ ಹಾಕುವ ಚೀಟಿಯಂತೆ, ಕೆಂಪಿದ್ದರೆ ತೊಂದರೆ ಕೊಡಬೇಡಿ ಎಂದು ಅರ್ಥವಿರಬೇಕು ಎಂದುಕೊಂಡೆ. ಎರಡು ದಿನ ತಿರುಗಿಸಿದೆ. ಮೂರನೆಯ ದಿನ ತಲೆ ಭಾರವಾಗಿತ್ತು, ಎಣ್ಣೆ ಹಚ್ಚಿಕೊಂಡು ನಿಧಾನವಾಗಿ ಸ್ನಾನ ಮಾಡೋಣ, ಯಾರೂ ಬರದಿರಲಿ ಎಂದು ಬಿಲ್ಲೆಯನ್ನು ಕೆಂಪಗೇ ಬಿಟ್ಟೆ.

ನೀರಿನ ಸದ್ದಿನಲ್ಲಿ ಬಾಗಿಲು ತಟ್ಟಿದ್ದು ಕೇಳಿಸಲಿಲ್ಲ. ಕೀಲಿಕೈ ತಿರುಗಿದ ಸದ್ದು ಕೇಳಿಸಿತು. ತಲೆಗೆ ಟವೆಲು ಸುತ್ತಿಕೊಂಡು, ನೈಟಿಯಲ್ಲಿ ಹೊರಗೆ ಬಂದರೆ ಕೋಣೆಯಲ್ಲಿ ಮೂವರು ನಿಂತಿದ್ದಾರೆ. ಉಸ್ತುವಾರಿಯ ಪೀಟರ್, ಕೈಯಲ್ಲಿ ಔಷಧಿ ಪೆಟ್ಟಿಗೆ ಹಿಡಿದ ಇನ್ನೊಬ್ಬರು, ಅವರ ಹಿಂದೆ ಮಾರ್ಗರೆಟ್. ಪೀಟರ್ ನನ್ನನ್ನು ನೋಡಿದವರೇ ಗೋಡೆಯ ಕಡೆ ತಿರುಗಿಕೊಂಡರು. ಮಾರ್ಗರೆಟ್ ಎದೆಯ ಮೇಲೆ ಕೈ ಇಟ್ಟುಕೊಂಡು ನನ್ನ ಮಂಚದ ಮೇಲೆ ಕುಸಿದು ಕೂತರು.

ನನಗೆ ಕೋಪ ಬಂತು. ಹೆಂಗಸಿರುವ ಕೋಣೆಗೆ ಹೀಗೆ ನುಗ್ಗುವುದೇ ಎಂದು ತರಗತಿಯ ದನಿಯಲ್ಲೇ ಕೇಳಿದೆ. ಮೂವರೂ ಬಾಗಿಲ ತನಕ ಕ್ಷಮೆ ಕೇಳುತ್ತ ಹೋದರು. ಮಾರ್ಗರೆಟ್ ಮಾತ್ರ ನಿಂತು ಹೇಳಿದರು: "ಬಿಲ್ಲೆ ಕೆಂಪಿತ್ತು. ನೀವು ಬಿದ್ದಿದ್ದೀರೇನೋ ಅಂದುಕೊಂಡೆವು." ಗಡಿಯಾರ ನೋಡಿದೆ. ಒಂಬತ್ತು ಗಂಟೆ ಹತ್ತು ನಿಮಿಷ. ನಾನು ಅಲ್ಲಿಯವಳೂ ಅಲ್ಲ, ನಾಲ್ಕು ದಿನದ ಅತಿಥಿ. ಹತ್ತು ನಿಮಿಷ ಕಾಣಿಸದಿದ್ದಕ್ಕೆ ಮೂವರು ಕೀಲಿಕೈ ಹಿಡಿದು ಓಡಿ ಬಂದಿದ್ದರು.

ಮಧ್ಯಾಹ್ನ ಮಾರ್ಗರೆಟ್ ಟೀಗೆ ಕರೆದರು. ಬೆಳಗಿನ ಕೂಗಾಟಕ್ಕೆ ನಾಚಿಕೆಯಾಗಿ, ಮಾತು ಬದಲಿಸಲು ನಾನು ಎಂಟು ಮನೆಯ ಕಥೆ ಹೇಳಿದೆ. ನಮ್ಮಲ್ಲಿಯೂ ವ್ಯವಸ್ಥೆಯಿದೆ, ವಾರಕ್ಕೊಮ್ಮೆ ನಾನೇ ಹೋಗಿ ಹೆಸರು ಕರೆಯುತ್ತೇನೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರಿಗೆ ಅದು ಬಹಳ ಹಿಡಿಸಿತು.

"ಯಾರಾದರೂ ಬರದಿದ್ದರೆ ಮೊದಲು ಎಲ್ಲಿ ಹುಡುಕುತ್ತೀರಿ?" ಎಂದರು. "ಆಸ್ಪತ್ರೆಯಲ್ಲೋ, ಪೊಲೀಸರ ಹತ್ತಿರವೋ?"

ಅವರ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಬಾರದವರನ್ನು ಹುಡುಕುತ್ತಾರೆ ಎಂಬುದು ಅವರಿಗೆ ಹೇಳಬೇಕಾದ ವಿಷಯವೇ ಆಗಿರಲಿಲ್ಲ. "ನೆಂಟರಿಗೆ ಫೋನ್ ಮಾಡುತ್ತೇವೆ" ಎಂದು ಸುಳ್ಳು ಹೇಳಿದೆ. ಅರವತ್ತಮೂರು ವರ್ಷದ ನಾನು, ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸಿದವಳು, ಒಂದು ಬಿಸ್ಕತ್ತು ಕೈಯಲ್ಲಿ ಹಿಡಿದುಕೊಂಡು ಸುಳ್ಳು ಹೇಳಿದೆ.

ಐದನೆಯ ದಿನ, ಉಣ್ಣೆ ವ್ಯಾಪಾರಿಯ ಹಜಾರ

ಸಾಲಿನ ಕೊನೆಗೆ ಒಂದು ಹಜಾರವಿದೆ. ಪೀಟರ್ ನನಗೆ ಅದನ್ನು ತೋರಿಸಲು ಕರೆದೊಯ್ದರು, ಮಾರ್ಗರೆಟ್ ಕೋಲೂರಿಕೊಂಡು ಜೊತೆಗೆ ಬಂದರು. ಗೋಡೆಯಲ್ಲಿ ಉಣ್ಣೆ ವ್ಯಾಪಾರಿ ಕಲ್ಲಾಗಿ ಕೈಮುಗಿದುಕೊಂಡು ನಿಂತಿದ್ದಾನೆ, ಮೂಗಿನ ತುದಿ ಮುರಿದಿದೆ. ಪಕ್ಕದಲ್ಲಿ ಹಳೆಯ ನಿಯಮಗಳ ಹಲಗೆ. ಪೀಟರ್ ಒಂದೊಂದಾಗಿ ಓದಿ ಹೇಳಿದರು. ಇಲ್ಲಿರುವವರು ದಿನಕ್ಕೆರಡು ಸಲ ಧಣಿಯ ಆತ್ಮಕ್ಕಾಗಿ ಪ್ರಾರ್ಥಿಸಬೇಕು. ಊರಿನಲ್ಲಿ ಓಡಾಡುವಾಗ ನೀಲಿ ನಿಲುವಂಗಿಯ ಮೇಲೆ ತಗಡಿನ ಬಿಲ್ಲೆ ಧರಿಸಬೇಕು, ಯಾರ ದಾನದಲ್ಲಿ ಇದ್ದಾರೆಂದು ಜನಕ್ಕೆ ತಿಳಿಯಲು. ಅಪ್ಪಣೆಯಿಲ್ಲದೆ ಗೈರುಹಾಜರಾದರೆ ಆ ದಿನದ ರೊಟ್ಟಿ ಇಲ್ಲ. ಮೂರನೆಯ ಸಲಕ್ಕೆ ಹೊರಗೆ.

ಹೇಳಲು ನಾಚಿಕೆಯಾಗುತ್ತದೆ, ನನಗೆ ಖುಷಿಯಾಯಿತು. ಇಷ್ಟು ದೂರ ಬಂದದ್ದು ಸಾರ್ಥಕ ಎನಿಸಿ ಆ ಹಲಗೆಯ ಫೋಟೋ ತೆಗೆದುಕೊಂಡೆ. ದಾನ ಕೊಟ್ಟವರು ಎಲ್ಲ ಕಡೆಯೂ ಲೆಕ್ಕ ಕೇಳಿದ್ದಾರೆ, ನಾನೊಬ್ಬಳೇ ಅಲ್ಲ. ನಮ್ಮ ಮುತ್ತಜ್ಜ ಪ್ರಾರ್ಥನೆ ಕೇಳಲಿಲ್ಲ, ನಾವು ಬಾಣಂತನ ಮಾಡಿಸಿಕೊಂಡೆವು, ಅಷ್ಟೇ ವ್ಯತ್ಯಾಸ.

ಆಮೇಲೆ ಪೀಟರ್ ಗಾಜಿನ ಪೆಟ್ಟಿಗೆಯಲ್ಲಿದ್ದ ಹಳೆಯ ಪುಸ್ತಕ ತೋರಿಸಿದರು. ಇದ್ದವರ ಹೆಸರುಗಳು. ಸತ್ತವರ ಮುಂದೆ ಒಂದು ಶಿಲುಬೆ. ಹೊರಹಾಕಿದವರ ಹೆಸರಿನ ಮೇಲೆ ಮಾತ್ರ ದಪ್ಪನೆಯ ಗೀಟು. ಮಾರ್ಗರೆಟ್ ಬಗ್ಗಿ ಗಾಜಿನ ಮೇಲಿಂದಲೇ ಒಂದು ಗೀಟಿಗೆ ಬೆರಳಿಟ್ಟು ತೋರಿಸಿದರು. ಆಲಿಸ್ ಎಂಬ ಹೆಸರು ಅದರ ಕೆಳಗೆ ಇನ್ನೂ ಓದಲು ಬರುತ್ತಿತ್ತು.

"ನಾನಿರುವುದು ಇವಳ ಮನೆಯಲ್ಲಿ" ಎಂದರು. "ಮೂರು ಸಲ ಎಲ್ಲಿಗೆ ಹೋಗಿದ್ದಳೋ ಎಂದು ಆಗಾಗ ಯೋಚಿಸುತ್ತೇನೆ. ತಂಗಿಗೆ ಹುಷಾರಿರಲಿಲ್ಲವೋ ಏನೋ. ಬರೆದವನು ಅದನ್ನು ಕೇಳಿಲ್ಲ."

"ಈಗ ತಿಳಿಯುವ ದಾರಿಯೂ ಇಲ್ಲ" ಎಂದರು ಪೀಟರ್.

ಆ ಗೀಟು ಎಳೆದ ಕೈ ನನಗೆ ಚೆನ್ನಾಗಿ ಗೊತ್ತಿತ್ತು. ಸ್ಕೇಲು ಇಟ್ಟು ಎಳೆದ, ಎಲ್ಲೂ ಅಲುಗಾಡದ ಗೀಟು. ನಾನೂ ಹಾಗೆಯೇ ಎಳೆಯುತ್ತೇನೆ. ಆಲಿಸ್ ಎಲ್ಲಿ ಹೋಗಿದ್ದಳೆಂದು ಕೇಳಲು ಕಾಲ ಮಿಂಚಿತ್ತು. ಗೌರಮ್ಮ ಎಲ್ಲಿ ಹೋಗಿದ್ದರೆಂದು ಇನ್ನೂ ಕೇಳಬಹುದು ಎಂದು ಅನಿಸಿದ್ದೇ ತಡ, ಹಜಾರದ ಹೊರಗಿನ ಕಲ್ಲು ಬೆಂಚಿನ ಮೇಲೆ ಕೂತು ಅವರ ನಂಬರಿಗೆ ಫೋನ್ ಮಾಡಿದೆ. ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಕನ್ನಡದಲ್ಲಿ ಉತ್ತರ ಬಂತು.

ಅದೇ ಬೆಂಚು

ಅಣ್ಣನ ಹೆಂಡತಿ ವಿಮಲಾ ಅತ್ತಿಗೆಗೆ ಎಂಟು ಮನೆಯ ಹಳಬರೆಲ್ಲ ಪರಿಚಯ. ಅವರಿಗೆ ಫೋನ್ ಮಾಡಿದೆ. ಮೊದಲು ಚಳಿ ಹೇಗಿದೆ, ಊಟಕ್ಕೇನು ಎಂದೆಲ್ಲ ವಿಚಾರಿಸಿಕೊಂಡರು.

"ಅತ್ತಿಗೆ, ಐದನೇ ರೂಮಿನ ಗೌರಮ್ಮ ಗೊತ್ತಲ್ವಾ? ಅವರ ಕಡೆಯೋರು ಯಾರಾದ್ರೂ ಗೊತ್ತಾ ನಿಮಗೆ?"

"ಗೊತ್ತಿಲ್ದೆ ಏನು. ನಮ್ಮನೇಲೇ ಒಂದ್ ತಿಂಗಳಿದ್ರಲ್ಲ."

"ಯಾವಾಗ?"

"ಶ್ರಾವಣದಲ್ಲಿ, ದೀಪಾ ಬಾಣಂತನಕ್ಕೆ. ಮಗೂಗೆ ಎರೆಯೋಕೆ ಅವರಷ್ಟು ಚೆನ್ನಾಗಿ ಇನ್ಯಾರಿಗ್ ಬರುತ್ತೆ? ನಾನೇ ಆಟೋ ಕಳ್ಸಿ ಕರೆಸ್ಕೊಂಡೆ. ಯಾಕೆ ಸರೋಜಾ?"

ದೀಪಾ ಅಣ್ಣನ ಮಗಳು. "ನನಗ್ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ಹೇಳ್ಬೇಕಿತ್ತಾ? ನಮ್ಮತ್ತೆ ಕಾಲದಿಂದ್ಲೂ ಕರೆಸ್ತಾನೇ ಇದೀವಲ್ಲ. ನೀನು ಮಗು ನೋಡೋಕ್ ಬಂದಾಗ ಊಟ ಮಾಡ್ಕೊಂಡ್ ಹೋದೆ ನೋಡು, ಅದೂ ಅವ್ರೇ ಮಾಡಿದ್ದು."

ಅವರ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಎಂಟು ಮನೆಯಿಂದ ಒಬ್ಬರನ್ನು ಕರೆಸಿಕೊಳ್ಳುವುದು ನಮ್ಮಲ್ಲಿ ಪಕ್ಕದ ಮನೆಯಿಂದ ಒರಳು ತಂದಷ್ಟು ಸಲೀಸು. ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ನಾನು ಹಾಜರಿಯ ನಿಯಮ ಮಾಡುವಾಗ ಅದೇ ಮನೆತನದವಳಾಗಿದ್ದೂ ಈ ಪದ್ಧತಿಯನ್ನು ಮರೆತಿದ್ದೆ. ನಮ್ಮ ಕೆಲಸಕ್ಕೆ ಬಂದವರನ್ನು ನಾವೇ ಗೈರುಹಾಜರು ಎಂದು ಬರೆದುಕೊಂಡೆವು.

ಆ ಊಟ ನನಗೆ ಚೆನ್ನಾಗಿ ನೆನಪಿದೆ. ಬಾಣಂತಿಗೆಂದು ಮಾಡಿದ ಮೆಣಸಿನ ಸಾರು, ಬೆಳ್ಳುಳ್ಳಿ ಹಾಕಿದ್ದು. ಎರಡು ಸಲ ಹಾಕಿಸಿಕೊಂಡು, ಸಾರು ಬಹಳ ಚೆನ್ನಾಗಿದೆ ಎಂದು ಜೋರಾಗಿಯೇ ಹೇಳಿದೆ. ಯಾರು ಮಾಡಿದ್ದೆಂದು ಕೇಳಲಿಲ್ಲ. ಅದು ಶುಕ್ರವಾರ. ಮುಂದಿನ ಸೋಮವಾರ ಗೌರಮ್ಮನ ಹೆಸರಿನ ಮುಂದೆ ಎರಡನೆಯ ಗೈರುಹಾಜರಿ ಹಾಕಿದೆ.

ಅತ್ತಿಗೆ ಹುಡುಕಿ ಒಂದು ನಂಬರು ಕಳಿಸಿದರು. ಹನುಮಂತನಗರದಲ್ಲಿರುವ ಗೌರಮ್ಮನ ಅಕ್ಕನ ಮಗಳದು, ಬಾಣಂತನದ ಸಮಯದಲ್ಲಿ ಏನಾದರೂ ಬೇಕಾದರೆ ಎಂದು ಅವರೇ ಕೊಟ್ಟಿದ್ದಂತೆ. ಫೋನಿನಲ್ಲಿ ಕ್ಷಮೆ ಕೇಳಿ ಮುಗಿಸುವ ವಿಷಯ ಇದಲ್ಲ ಎನಿಸಿ ನಾನು ಮಾಡಲಿಲ್ಲ. ಉಳಿದ ದಿನಗಳಲ್ಲಿ ಶಾಂತಿ ನನ್ನನ್ನು ಸಮುದ್ರ ತೀರಕ್ಕೆ, ಒಂದು ಕೋಟೆಗೆ ಕರೆದೊಯ್ದಳು. ಅವುಗಳ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ, ಕಣ್ಣು ಅಲ್ಲಿರಲಿಲ್ಲ. ಹೊರಡುವ ಮೊದಲು ಮಾರ್ಗರೆಟ್‌ಗೆ ನಿಜ ಹೇಳಿದೆ. ಸಮಾಧಾನದ ಮಾತು ಆಡುತ್ತಾರೆಂದು ಕಾದೆ. ಅವರು ಆಡಲಿಲ್ಲ. "ಹೋಗಿ ಬಾಗಿಲು ತಟ್ಟಿ" ಎಂದಷ್ಟೇ ಹೇಳಿದರು.

ಹನುಮಂತನಗರ

ಬೆಂಗಳೂರಿಗೆ ಬಂದ ಎರಡನೆಯ ದಿನ ಬೆಳಿಗ್ಗೆ ಹನುಮಂತನಗರಕ್ಕೆ ಹೋದೆ. ಗುಡ್ಡದ ದೇವಸ್ಥಾನದ ಕೆಳಗಿನ ಅಡ್ಡರಸ್ತೆಯಲ್ಲಿ ಮೂರು ಅಂತಸ್ತಿನ ಮನೆ, ನೆಲಮಹಡಿಯಲ್ಲಿ ಬಾಡಿಗೆಗಿದ್ದಾರೆ. ಅಕ್ಕನ ಮಗಳು ಕೆಲಸಕ್ಕೆ ಹೋಗಿದ್ದಳು. ಗೌರಮ್ಮ ಮೆಟ್ಟಿಲ ಕೆಳಗಿನ ಓಣಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಟ್ರಂಕು ಮೆಟ್ಟಿಲ ಕೆಳಗೇ ಇತ್ತು, ಅದರ ಮೇಲೆ ಸುತ್ತಿಟ್ಟ ಹಾಸಿಗೆ. ಅವರು ಮಲಗುವುದು ಅಲ್ಲಿಯೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನನ್ನು ಕಂಡೊಡನೆ ಏಳಲು ಹೊರಟರು.

"ಏಳ್ಬೇಡಿ ಗೌರಮ್ಮ" ಎಂದು ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. ತಪ್ಪಾಯಿತು ಎಂದೆ. ನಿಮ್ಮನ್ನು ಕೇಳದೆ ಕೋಣೆ ತೆಗೆದುಬಿಟ್ಟೆ ಎಂದೆ. ಈಗ ಮೂರನೇ ಕೋಣೆ ಖಾಲಿಯಾಗಿದೆ, ಹಾಜರಿ ಪುಸ್ತಕ ಎತ್ತಿಟ್ಟಿದ್ದೇನೆ, ಇವತ್ತೇ ಬನ್ನಿ, ಗಾಡಿ ಹೊರಗಿದೆ ಎಂದೆ.

ಅವರು ಸೊಪ್ಪಿನ ಕಡೆ ನೋಡುತ್ತಲೇ ಕೇಳಿಸಿಕೊಂಡರು. "ಬೇಡ ತಾಯಿ. ಇನ್ನೊಂದ್ ಸಲ ಟ್ರಂಕ್ ಹೊರೋಕೆ ನನ್ ಕೈಲಾಗಲ್ಲ. ಇಲ್ಲೇ ಇರ್ತೀನಿ. ಜಾಗ ಸಣ್ಣದು, ಆದ್ರೂ ಒಳ್ಳೇ ಹುಡುಗಿ ಅವಳು."

ನಾನು ಮತ್ತೆ ಮತ್ತೆ ಕರೆದೆ. ಅವರು ಬೇಡವೆಂದು ತಲೆಯಾಡಿಸಿದರು, ಕೋಪವಿಲ್ಲದೆ. ಸಾಕಾಗಿ ನಾನು ಹೇಳಿಬಿಟ್ಟೆ: "ನೀವು ಅಣ್ಣನ ಮನೇಲಿರೋದು ನನಗೆ ಗೊತ್ತೇ ಇರ್ಲಿಲ್ಲ ಗೌರಮ್ಮ. ಮೊನ್ನೆ ಮೊನ್ನೆ ಗೊತ್ತಾಯ್ತು."

ಅವರ ಕೈ ನಿಂತಿತು.

"ಗೊತ್ತಿರ್ಲಿಲ್ವಾ?"

"ಇಲ್ಲ."

"ನೀವು ಊಟಕ್ ಬಂದಿದ್ರಲ್ಲ ಅವತ್ತು. ನಾನು ಒಳಗಡೆ ಮಗೂಗೆ ಸಾಂಬ್ರಾಣಿ ಹಾಕ್ತಿದ್ದೆ. ಸಾರು ಚೆನ್ನಾಗಿದೆ ಅಂದಿದ್ದು ಕೇಳಿಸ್ತು. ನನಗೇ ಹೇಳಿದ್ರು ಅಂದ್ಕೊಂಡೆ."

ಅವರು ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಗೊತ್ತಿದ್ದೂ ರೂಮ್ ತೆಗೆದ್ರಲ್ಲ, ಹಂಗಾದ್ರೆ ನನ್ನಿಂದ ಏನೋ ತಪ್ಪಾಗಿದೆ ಅಂತ ತಿಳ್ಕೊಂಡಿದ್ದೆ ತಾಯಿ. ಅದೇನು ಅಂತ ಇಷ್ಟ್ ದಿನ ಹುಡುಕ್ತಾ ಇದ್ದೆ. ಕೊನೇ ವಾರ ನೀರು ಬಿಸಿ ಜಾಸ್ತಿ ಆಯ್ತೇನೋ, ಮಗೂ ಮೈ ಸುಟ್ಟಿತೇನೋ, ಅಮ್ಮಾವ್ರು ನನಗ್ ಹೇಳೋಕಾಗ್ದೆ ನಿಮಗ್ ಹೇಳಿರ್ಬೇಕು ಅಂತ."

"ಅಂಥದ್ದೇನೂ ಆಗಿಲ್ಲ ಗೌರಮ್ಮ."

"ಮಗು ಚೆನ್ನಾಗಿದ್ಯಾ?"

"ಚೆನ್ನಾಗಿದೆ. ಗೋಡೆ ಹಿಡ್ಕೊಂಡು ನಡೆಯುತ್ತೆ."

"ಮೈಮೇಲೆ ಎಲ್ಲೂ ಕಲೆ ಇಲ್ವಲ್ಲ?"

"ಇಲ್ಲ."

"ಬೆನ್ ಮೇಲೆ?"

"ಎಲ್ಲೂ ಇಲ್ಲ" ಎಂದೆ. ಅವರು ನನ್ನ ಮುಖವನ್ನು ಇನ್ನೊಮ್ಮೆ ಚೆನ್ನಾಗಿ ನೋಡಿ, ನಿಜವೆಂದು ಖಾತ್ರಿಯಾದ ಮೇಲೆ, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.